ದ್ರಾಕ್ಷಿ ಎಲೆ ಸರ್ಮಾ: ಒಳಗೆ ಏನಿದೆ, ಎಷ್ಟಿದೆ, ಹೇಗೆ ಮಾಡುವುದು

ನನ್ನ ತವರು ತಿಕೋಟಾ ಹತ್ತಿರ. ಅಪ್ಪನದು ನಾಲ್ಕು ಎಕರೆ ದ್ರಾಕ್ಷಿ ಪಡ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಹೊಸ ಚಿಗುರು ಬಂದ ಮೇಲೆ ಬೇಡದ ಚಿಗುರನ್ನೆಲ್ಲ ಚಿವುಟಿ ಹಾಕುತ್ತಿದ್ದೆವು. ಶಾಲೆಗೆ ರಜೆ ಇದ್ದರೆ ನಾನೂ ಹೋಗುತ್ತಿದ್ದೆ. ಸಂಜೆ ಹೊತ್ತಿಗೆ ಸಾಲುಗಳ ನಡುವೆ ಎಳೆ ಎಲೆ ಬಾಡಿ ಬಿದ್ದಿರುತ್ತಿತ್ತು. ಕೈಗೆಲ್ಲ ಒಂಥರಾ ಹುಳಿ ವಾಸನೆ. ಆ ಎಲೆ ಊಟಕ್ಕೆ ಆಗುತ್ತದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ನಾನಿರುವುದು ಇಜ್ಮಿರಿನಲ್ಲಿ. ಟರ್ಕಿಯ ಪಶ್ಚಿಮಕ್ಕೆ, ಸಮುದ್ರದ ದಂಡೆಯ ಊರು. ಗಂಡನ ಕೆಲಸಕ್ಕಾಗಿ ಬಂದು ಆರು ವರ್ಷವಾಯಿತು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಇದ್ದಾರೆ. ಬಿಲ್ಡಿಂಗಿನವರೆಲ್ಲ ಅವರನ್ನು ತೇಯ್ಜೆ ಅನ್ನುತ್ತಾರೆ. ಅಮ್ಮನ ಅಕ್ಕನಿಗೂ ತಂಗಿಗೂ ಇಲ್ಲಿ ಅದೇ ಮಾತು. ನಮ್ಮ ದೊಡ್ಡಮ್ಮ, ಚಿಕ್ಕಮ್ಮ ಎರಡೂ ಅದರಲ್ಲೇ ಬಂತು. ಬಂದ ಮೊದಲ ವರ್ಷ ಮೇ ತಿಂಗಳಲ್ಲಿ ತೇಯ್ಜೆ ಒಂದು ಚೀಲ ಎಲೆ ಹಿಡಿದುಕೊಂಡು ಬಾಗಿಲು ತಟ್ಟಿದರು. ಪಕ್ಕದ ಮನಿಸಾ ಜಿಲ್ಲೆಯಲ್ಲಿ ಅವರ ತಮ್ಮನ ತೋಟದ್ದಂತೆ. "ಸುಲ್ತಾನಿಯೆ" ಅಂದರು. ಎಲೆ ಕೈಗೆ ತಗೊಂಡೆ. ಅದೇ ತೆಳು, ಅದೇ ಹೊಳಪು, ಅದೇ ಹುಳಿ ವಾಸನೆ. ಆಮೇಲೆ ತಿಳಿಯಿತು, ಇವರ ಸುಲ್ತಾನಿಯೆಯೇ ನಮ್ಮ ಥಾಮ್ಸನ್ ಸೀಡ್‌ಲೆಸ್. ಈ ಕಡೆಯಿಂದ ಅಮೆರಿಕಕ್ಕೆ ಹೋದ ಬಳ್ಳಿಗೆ ಕ್ಯಾಲಿಫೋರ್ನಿಯಾದ ಥಾಮ್ಸನ್ ಅನ್ನುವವರ ಹೆಸರು ಸೇರಿಕೊಂಡಿತು. ಅಪ್ಪನ ಪಡದಲ್ಲಿ ಇದ್ದದ್ದೂ ಇದೇ ಬಳ್ಳಿ.

ಈ ಎಲೆಯಲ್ಲಿ ಅಕ್ಕಿಯ ಹೂರಣ ಇಟ್ಟು ಸುತ್ತಿ ಬೇಯಿಸಿದ ತಿಂಡಿಯೇ ಸರ್ಮಾ. ಅದರ ಬಗ್ಗೆ ಊರಿನಿಂದ ಫೋನ್ ಮಾಡುವವರು ಕೇಳುವುದು ಎರಡೇ ಪ್ರಶ್ನೆ. ಅದರಲ್ಲಿ ಏನೇನು ಹಾಕುತ್ತಾರೆ? ಎಲೆ ತಿಂಡಿ ಅಲ್ವಾ, ಎಷ್ಟು ತಿಂದರೂ ಪರವಾಗಿಲ್ಲವಾ? ಎರಡಕ್ಕೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಎಲೆ ತುಂಬಾ ಒಳ್ಳೆಯದು. ಆದರೆ ಲೆಕ್ಕ ಇಡಬೇಕಾದದ್ದು ಎಲೆಯದ್ದಲ್ಲ, ಎಣ್ಣೆಯದ್ದು ಮತ್ತು ಉಪ್ಪಿನದ್ದು.

ಹೆಸರಿನ ವಿಷಯ ಸ್ವಲ್ಪ

ಟರ್ಕಿಯಲ್ಲಿ ಸುತ್ತಿದ್ದು ಸರ್ಮಾ, ತುಂಬಿದ್ದು ದೋಲ್ಮಾ. ನಮ್ಮ ಕಡೆಯ ತುಂಬಗಾಯಿ ಬದನೆಕಾಯಿ ಇವರ ಲೆಕ್ಕದಲ್ಲಿ ದೋಲ್ಮಾ. ಮಾತಿನಲ್ಲಿ ಎರಡನ್ನೂ ಬೆರೆಸುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗ್ರೀಸಿನಲ್ಲಿ ದೋಲ್ಮಾದೆಸ್, ಅರ್ಮೇನಿಯಾದಲ್ಲಿ ತೋಲ್ಮಾ. ಅಜರ್ಬೈಜಾನಿನಲ್ಲಿ ದೋಲ್ಮಾ ಮಾಡಿ ಹಂಚಿ ತಿನ್ನುವ ಪದ್ಧತಿಯನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಲೆಬನಾನ್, ಸಿರಿಯಾ ಕಡೆ ವರಕ್ ಇನಬ್ ಅನ್ನುತ್ತಾರೆ. ವರಕ್ ಅಂದರೆ ಎಲೆ; ಮಿಠಾಯಿ ಮೇಲಿನ ಬೆಳ್ಳಿ ವರಕ್ ಇದೆಯಲ್ಲ, ಅದೇ ಮಾತು. ಇನಬ್ ಅಂದರೆ ದ್ರಾಕ್ಷಿ. ನಮ್ಮ ರೈತರಿಗೆ ಅನಾಬ್-ಎ-ಶಾಹಿ ತಳಿ ಗೊತ್ತು. ಅದರಲ್ಲಿರುವ ಅನಾಬ್ ಕೂಡ ಇದೇ.

ಮಾಂಸ ಹಾಕಿದ್ದು, ಹಾಕದ್ದು ಎರಡೂ ಇವೆ. ಮಾಂಸ ಇಲ್ಲದ್ದಕ್ಕೆ ಯಲಂಜಿ ಅಂತ ಇನ್ನೊಂದು ಹೆಸರು. ಹಾಗಂದರೆ ಸುಳ್ಳುಗಾರ. ಹೊರಗಿನಿಂದ ನೋಡಿದರೆ ಮಾಂಸದ್ದೇ ಅನ್ನಿಸುತ್ತದೆ, ಒಳಗೆ ಬರೀ ಅಕ್ಕಿ. ನಮ್ಮದು ಸಸ್ಯಾಹಾರಿ ಮನೆ. ಹಾಗಾಗಿ ನಾನು ಹೇಳುವುದು ಈ ಯಲಂಜಿಯನ್ನೇ. ಇಲ್ಲಿ ಅದಕ್ಕೆ ಜೈತಿನ್ಯಾಲಿ, ಅಂದರೆ ಆಲಿವ್ ಎಣ್ಣೆಯದ್ದು ಅನ್ನುತ್ತಾರೆ. ಹೋಟೆಲಿನಲ್ಲಿ ತಿನ್ನುವ ಮುಂಚೆ "ಎತ್‌ಸಿಜ್ ಮಿ?" ಅಂತ ಕೇಳಿ. ಮಾಂಸ ಇಲ್ಲದ್ದಾ ಅಂತ ಅರ್ಥ. ಸಾಮಾನ್ಯವಾಗಿ ತಣ್ಣಗೆ ಬಡಿಸಿದರೆ ಎಣ್ಣೆಯದ್ದು, ಬಿಸಿಬಿಸಿ ಮೊಸರಿನ ಜೊತೆ ಬಂದರೆ ಮಾಂಸದ್ದು. ಅದಕ್ಕೂ ಕಾರಣ ಇದೆ. ಬೆಣ್ಣೆ, ಕೊಬ್ಬು ತಣ್ಣಗಾದರೆ ಹೆಪ್ಪುಗಟ್ಟಿ ಬಾಯಿಗೆ ಅಂಟುತ್ತದೆ. ಆಲಿವ್ ಎಣ್ಣೆ ಮನೆಯ ಬಿಸಿಯಲ್ಲಿ ನೀರಾಗಿಯೇ ಇರುತ್ತದೆ.

ಎಲೆ

ಎಲೆ ಎಳೆಯದಿರಬೇಕು, ಆದರೆ ತೀರಾ ಚಿಗುರಾಗಿರಬಾರದು. ಬಳ್ಳಿಯ ತುದಿಯಿಂದ ಎಣಿಸಿದರೆ ಮೂರನೆಯದು, ನಾಲ್ಕನೆಯದು ಸರಿ. ಅಂಗೈ ಅಗಲ, ತಿಳಿ ಹಸಿರು. ಮಡಚಿದರೆ ಮುರಿಯಬಾರದು. ತೇಯ್ಜೆ ಎಲೆಯನ್ನು ಬೆಳಕಿಗೆ ಹಿಡಿದು ನರ ನೋಡುತ್ತಾರೆ. ನರ ದಪ್ಪ ಇದ್ದರೆ ಪಕ್ಕಕ್ಕೆ. ಅಂಥ ಎಲೆಯನ್ನೂ ಎಸೆಯುವುದಿಲ್ಲ, ಪಾತ್ರೆಯ ತಳಕ್ಕೆ ಹಾಸುತ್ತಾರೆ.

ಇಲ್ಲಿ ಹಸಿ ಎಲೆ ಸಿಗುವುದು ಮೇ, ಜೂನಿನಲ್ಲಿ. ಉಳಿದ ದಿನ ಉಪ್ಪುನೀರಿನಲ್ಲಿ ಹಾಕಿದ್ದು. ಅದಕ್ಕೆ ಸಲಾಮುರಾ ಅಂತಾರೆ. ವಾರದ ಸಂತೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಿಂದ ಎತ್ತಿ ಕೆಜಿ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ತೋಕಾತ್ ಕಡೆಯ ನರಿಂಜೆ ಅನ್ನುವ ತಳಿಯ ಎಲೆಗೆ ಬೆಲೆ ಜಾಸ್ತಿ. ನರ ಅಷ್ಟು ಸಣ್ಣ, ಎಲೆ ಅಷ್ಟು ತೆಳು.

ಈಗ ಎಲೆಯ ಒಳಗಿನ ಸತ್ವ. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 93 ಕ್ಯಾಲೊರಿ, 5.6 ಗ್ರಾಂ ಪ್ರೋಟೀನು, 11 ಗ್ರಾಂ ನಾರು. ಕ್ಯಾಲ್ಸಿಯಂ 363 ಮಿಲಿಗ್ರಾಂ. ಅಷ್ಟೇ ತೂಕದ ಹಾಲಿಗೆ ಹೋಲಿಸಿದರೆ ಮೂರು ಪಟ್ಟು. ಓದಿದಾಗ ಖುಷಿಯಾಗುತ್ತದೆ. ಆದರೆ ಒಂದು ಎಲೆಯ ತೂಕ 3 ಗ್ರಾಂ. 100 ಗ್ರಾಂ ಅಂದರೆ ಮೂವತ್ತಕ್ಕೂ ಹೆಚ್ಚು ಎಲೆ. ಒಂದು ಹೊತ್ತಿಗೆ ಯಾರೂ ಅಷ್ಟು ತಿನ್ನುವುದಿಲ್ಲ. ಆರು ಸರ್ಮಾ ತಿಂದರೆ ಎಲೆಯಿಂದ ಸಿಗುವುದು 65 ಮಿಲಿಗ್ರಾಂ ಕ್ಯಾಲ್ಸಿಯಂ, ಎರಡು ಗ್ರಾಂ ನಾರು. ಇದೂ ಕಡಿಮೆ ಏನಲ್ಲ. ಆದರೆ ಎಲೆ ತಿಂದರೆ ಹಾಲು ಬೇಡ ಅನ್ನುವ ಹಾಗಿಲ್ಲ.

ಎಲೆಯ ನಿಜವಾದ ಬಲ ಇರುವುದು ವಿಟಮಿನ್ ಎ-ದಲ್ಲಿ. ಆರು ಹಸಿ ಎಲೆಯಲ್ಲೇ ದೊಡ್ಡವರಿಗೆ ದಿನಕ್ಕೆ ಬೇಕಾದ್ದರ ಕಾಲು ಭಾಗಕ್ಕಿಂತ ಜಾಸ್ತಿ ಇರುತ್ತದೆ. ಕುದಿಸಿದಾಗ ಒಂದಿಷ್ಟು ಹೋದರೂ ಒಳ್ಳೆಯ ಪಾಲು ಉಳಿಯುತ್ತದೆ. ಕ್ಯಾರೆಟ್ಟಿನಲ್ಲಿ ಇರುವ ಥರದ್ದೇ ಇದು, ಎಣ್ಣೆ ಜೊತೆಗಿದ್ದರೆ ಮಾತ್ರ ಮೈಗೆ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ಎಣ್ಣೆ ಬರೀ ರುಚಿಗಲ್ಲ. ಕಬ್ಬಿಣವೂ ಇದೆ, 100 ಗ್ರಾಂಗೆ 2.6 ಮಿಲಿಗ್ರಾಂ. ಆದರೆ ಎಲೆಯಲ್ಲಿ ಒಗರು ಇರುತ್ತದಲ್ಲ, ಅದು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹುಳಿ ಆ ಅಡ್ಡಿಯನ್ನು ಸ್ವಲ್ಪ ತೆಗೆಯುತ್ತದೆ. ಬಡಿಸುವಾಗ ಹಸಿ ನಿಂಬೆ ಹಿಂಡುವ ರೂಢಿ ಇದಕ್ಕೂ ಒಳ್ಳೆಯದು.

ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಒಂದು ಮಾತು ಗಮನಿಸಿ. ಈ ಎಲೆಯಲ್ಲಿ ವಿಟಮಿನ್ ಕೆ ಇದೆ. ಬೇರೆ ಸೊಪ್ಪಿಗೆ ಡಾಕ್ಟರು ಹೇಳಿದ ಕಟ್ಟುನಿಟ್ಟು ಇದಕ್ಕೂ ಇರಲಿ. ಒಂದು ದಿನ ಪೂರ್ತಿ ತಟ್ಟೆ, ಮರುವಾರ ಏನೂ ಇಲ್ಲ ಅನ್ನುವ ಹಾಗೆ ಮಾಡಬೇಡಿ.

ಉಪ್ಪಿನ ಲೆಕ್ಕ

ಸಲಾಮುರಾ ಎಲೆ ಬಂದರೆ ಕಥೆಯೇ ಬೇರೆ. 100 ಗ್ರಾಂ ಹಸಿ ಎಲೆಯಲ್ಲಿ ಸೋಡಿಯಂ 9 ಮಿಲಿಗ್ರಾಂ. ಉಪ್ಪುನೀರಿನ ಡಬ್ಬಿಯ ಎಲೆಯಲ್ಲಿ 2,850 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ. ಸುಮಾರು ಒಂದು ಟೀ ಚಮಚ ಉಪ್ಪು. ಡಬ್ಬಿಯ ಎಲೆ ಒಂದಕ್ಕೆ 4 ಗ್ರಾಂ ತೂಕ ಹಿಡಿದರೆ, ನೆನೆಸದ ಆರು ಎಲೆಯಲ್ಲೇ 680 ಮಿಲಿಗ್ರಾಂ. ದಿನದ ಮೂರನೇ ಒಂದು ಪಾಲು ಎಲೆಯಲ್ಲೇ ಮುಗಿಯಿತು. ಹೂರಣದ ಉಪ್ಪು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇದನ್ನು ನಾನು ಕಲಿತದ್ದು ನಮ್ಮ ಅತ್ತೆ ಇಲ್ಲಿಗೆ ಬಂದಾಗ. ಅವರಿಗೆ ಬಿಪಿ ಇದೆ. ಎರಡು ಗಂಟೆ ಕೂತು ಅರವತ್ತು ಸುತ್ತಿದ್ದೆ. ಎಲೆಯನ್ನು ಒಂದು ಸಲ ನೀರಿನಲ್ಲಿ ಜಾಲಿಸಿದ್ದೆ ಅಷ್ಟೇ. ಅತ್ತೆ ಎರಡು ತಿಂದು, "ಉಪ್ಪಿನಕಾಯಿ ತಿಂದಂಗ ಆತವ್ವಾ" ಅಂತ ತಟ್ಟೆ ಸರಿಸಿದರು. ಬೇಜಾರಾಯಿತು. ಆದರೆ ಅವರು ಹೇಳಿದ್ದು ಸರಿ. ತೇಯ್ಜೆಗೆ ಹೇಳಿದಾಗ ಅವರು ನನ್ನ ಅಡಿಗೆಮನೆಗೇ ಬಂದು ತೋರಿಸಿದರು.

ಅವರು ಮಾಡುವುದು ಹೀಗೆ. ಎಲೆಯ ಕಟ್ಟನ್ನು ಬಿಚ್ಚಿ, ಒಂದೊಂದೇ ಬಿಡಿಸಿ ಅಗಲವಾದ ಪಾತ್ರೆಗೆ ಹಾಕುತ್ತಾರೆ. ಕಟ್ಟಾಗಿಯೇ ಬಿಟ್ಟರೆ ನಡುವಿನ ಎಲೆಗೆ ನೀರು ತಾಗುವುದಿಲ್ಲ. ಮೇಲೆ ಕುದಿಯುವ ನೀರು. ಇಪ್ಪತ್ತು ನಿಮಿಷ ಬಿಟ್ಟು ಚೆಲ್ಲುವುದು. ಮತ್ತೆ ಬಿಸಿನೀರು, ಮತ್ತೆ ಇಪ್ಪತ್ತು ನಿಮಿಷ. ಮೂರನೆಯ ಸಲ ತಣ್ಣೀರು. ಆಮೇಲೆ ಒಂದು ಎಲೆಯ ಅಂಚು ಚೂರು ಹರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಹುಳಿ ಮೊದಲು ಗೊತ್ತಾಗಿ ಉಪ್ಪು ಹಿಂದೆ ಬಂದರೆ ಸರಿ. ಉಪ್ಪೇ ಮೊದಲು ಬಂದರೆ ಇನ್ನೊಂದು ನೀರು. ಉಪ್ಪು ಪೂರ್ತಿ ಹೋಗುವುದಿಲ್ಲ, ಆದರೆ ತುಂಬಾ ಇಳಿಯುತ್ತದೆ. ಅದಾದ ಮೇಲೂ ಹೂರಣಕ್ಕೆ ಅರ್ಧ ಚಮಚಕ್ಕಿಂತ ಜಾಸ್ತಿ ಉಪ್ಪು ಹಾಕಬೇಡಿ.

ಹಸಿ ಎಲೆಯಾದರೆ ಕೆಲಸ ಕಡಿಮೆ. ಕುದಿಯುವ ನೀರಿಗೆ ಹತ್ತು ಹತ್ತು ಎಲೆ ಹಾಕಿ ಒಂದೆರಡು ನಿಮಿಷ ಬಿಡಿ. ಹಸಿರು ಹೋಗಿ ಕಂದುಹಸಿರು ಬಂದ ಕೂಡಲೇ ತೆಗೆದು ತಣ್ಣೀರಿಗೆ ಹಾಕಿ. ನನ್ನ ಮಟ್ಟಿಗೆ ಹಸಿ ಎಲೆಯೇ ಉತ್ತಮ. ಮೇ ತಿಂಗಳಲ್ಲಿ ಹೀಗೆ ಬಾಡಿಸಿ, ನೀರು ಒರೆಸಿ, ಐವತ್ತೈವತ್ತು ಎಲೆ ಜೋಡಿಸಿ ಸುರುಳಿ ಸುತ್ತಿ ಫ್ರೀಜರಿಗೆ ಹಾಕುತ್ತೇನೆ. ಉಪ್ಪಿನ ಗೊಡವೆಯೇ ಇಲ್ಲ. ಮನೆಯಲ್ಲೇ ಬಾಟಲಿಯಲ್ಲಿ ತುಂಬಿಡುವ ಕೆಲಸಕ್ಕೆ ಅನುಭವ ಬೇಕು. ಉಪ್ಪು, ಹುಳಿ ಸರಿಯಾಗಿ ಬೀಳದೆ ಗಾಳಿ ಬಿಗಿದರೆ ಒಳಗೆ ಅಪಾಯದ ವಿಷ ಹುಟ್ಟಬಹುದು. ಫ್ರೀಜರ್ ಇದ್ದವರು ಅದನ್ನೇ ನಂಬಿ.

ನಮ್ಮೂರಿನ ಎಲೆ ಆಗುತ್ತದಾ?

ಈ ಪ್ರಶ್ನೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು ಕೇಳುತ್ತಾರೆ. ಬಳ್ಳಿ ಅದೇ, ಎಲೆ ಅದೇ. ಆದರೆ ಮಾರಾಟಕ್ಕೆ ಬೆಳೆದ ಪಡದಿಂದ ಎಲೆ ಕೀಳಬೇಡಿ. ನಾನು ಆ ಮನೆಯಲ್ಲೇ ಹುಟ್ಟಿದವಳು, ಗೊತ್ತಿದ್ದೇ ಹೇಳುತ್ತಿದ್ದೇನೆ. ಬೂದಿ ರೋಗಕ್ಕೆ, ಡೌನಿ ರೋಗಕ್ಕೆ ಅಂತ ಎಷ್ಟು ಸಲ ಔಷಧಿ ಹೊಡೆಯುತ್ತೇವೆ! ಮಳೆ ಮೋಡ ಕವಿದರೆ ಮತ್ತೊಂದು ಸುತ್ತು. ಆ ಔಷಧಿಗಳ ಮೇಲೆ ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಬರೆದಿರುತ್ತದೆ. ಅದು ಹಣ್ಣಿನ ಲೆಕ್ಕ, ಎಲೆಯ ಲೆಕ್ಕ ಅಲ್ಲ. ಔಷಧಿ ಬೀಳುವುದೇ ಎಲೆಯ ಮೇಲೆ. ಕೆಲವು ಎಲೆಯ ಒಳಗೇ ಇಳಿಯುತ್ತವೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಟರ್ಕಿಯಲ್ಲೂ ಈ ತೊಂದರೆ ಇದೆ. ಇಲ್ಲಿಂದ ಹೋಗುವ ದ್ರಾಕ್ಷಿ ಎಲೆಗೆ ಯುರೋಪಿಯನ್ ಒಕ್ಕೂಟ ಔಷಧಿ ಉಳಿದಿದೆಯಾ ಅಂತ ಹೆಚ್ಚಿನ ತಪಾಸಣೆ ಇಟ್ಟಿದೆ. ತೇಯ್ಜೆಯ ತಮ್ಮ ಎಲೆಗೆ ಅಂತಲೇ ಎರಡು ಸಾಲು ಬೇರೆ ಬಿಟ್ಟಿದ್ದಾರೆ, ಅದಕ್ಕೆ ಏನೂ ಹೊಡೆಯುವುದಿಲ್ಲ.

ಮನೆಯ ಹಿತ್ತಲಲ್ಲಿ, ಟೆರೇಸಿನ ಚಪ್ಪರದಲ್ಲಿ ಬೆಳೆಸಿದ ಬಳ್ಳಿ ಇದ್ದರೆ ಧೈರ್ಯವಾಗಿ ಕಿತ್ತುಕೊಳ್ಳಿ. ಬೆಂಗಳೂರಿನ ಕಡೆ ಮನೆಮುಂದೆ ಹೆಚ್ಚು ಇರುವುದು ಬೆಂಗಳೂರು ಬ್ಲೂ. ಅದರ ಎಲೆ ದಪ್ಪ, ಅಡಿಯಲ್ಲಿ ಬಿಳಿ ರೋಮ. ಬೆಂದರೂ ನಾಲಿಗೆಗೆ ಒರಟು. ತೀರಾ ಎಳೆಯದನ್ನು ತಗೊಂಡರೆ ನಡೆಯುತ್ತದೆ. ಕೆಸುವಿನ ಎಲೆಯ ಹಾಗೆ ಗಂಟಲು ಕೆರೆಯುವ ಭಯ ದ್ರಾಕ್ಷಿ ಎಲೆಯಲ್ಲಿ ಇಲ್ಲ. ಪತ್ರೊಡೆ ಮಾಡುವವರಿಗೆ ಇದು ಸುಲಭ ಅನ್ನಿಸುತ್ತದೆ.

ಹೂರಣ

ಐವತ್ತು ಎಲೆಗೆ ನನ್ನ ಅಳತೆ ಇದು. ಅಕ್ಕಿ 200 ಗ್ರಾಂ. ಈರುಳ್ಳಿ 300 ಗ್ರಾಂ, ಅಂದರೆ ಮಧ್ಯಮ ಗಾತ್ರದ್ದು ಮೂರು. ಆಲಿವ್ ಎಣ್ಣೆ 120 ಮಿಲಿ. ಚಿಲ್ಗೋಜಾ (ಪೈನ್ ಮರದ ಬೀಜ) 30 ಗ್ರಾಂ, ಸಣ್ಣ ಕಪ್ಪು ಒಣದ್ರಾಕ್ಷಿ 30 ಗ್ರಾಂ. ಸಕ್ಕರೆ ಒಂದು ಟೀ ಚಮಚ. ಒಣ ಪುದೀನ ಒಂದು ದೊಡ್ಡ ಚಮಚ. ಸಬ್ಬಸಿಗೆ ಸೊಪ್ಪು ಅರ್ಧ ಕಟ್ಟು, ಪಾರ್ಸ್ಲಿ ಅರ್ಧ ಕಟ್ಟು. ಆಲ್‌ಸ್ಪೈಸ್ ಪುಡಿ, ದಾಲ್ಚಿನ್ನಿ ಪುಡಿ, ಕಾಳುಮೆಣಸಿನ ಪುಡಿ ಅರ್ಧರ್ಧ ಟೀ ಚಮಚ. ನಿಂಬೆಹಣ್ಣು ಒಂದು. ಉಪ್ಪು.

ಅಕ್ಕಿ ಇಲ್ಲಿ ಬಾಲ್ದೊ ಅಂತ ಬರುತ್ತದೆ. ಗಿಡ್ಡ, ದಪ್ಪ ಕಾಳು. ಬೆಂದರೆ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಅದೇ ಬೇಕಾದದ್ದು. ಬಾಸುಮತಿ ಹಾಕಿದರೆ ಉದುರುತ್ತದೆ, ಕಚ್ಚಿದಾಗ ಹೂರಣ ತಟ್ಟೆಗೆ ಬೀಳುತ್ತದೆ. ಊರಲ್ಲಿ ಮಾಡುವವರು ಸೋನಾ ಮಸೂರಿಯ ಹೊಸ ಅಕ್ಕಿ ತಗೊಳ್ಳಿ. ಅನ್ನಕ್ಕೆ ಹಳೆ ಅಕ್ಕಿ ಚೆಂದ, ಇದಕ್ಕೆ ಮುದ್ದೆಯಾಗುವ ಹೊಸದೇ ಚೆಂದ. ಶುಗರ್ ಇರುವವರಿಗಾಗಿ ಅಕ್ಕಿ ಬದಲು ಬುಲ್ಗುರ್ ಹಾಕಬಹುದು. ಟರ್ಕಿಯ ಆಗ್ನೇಯ ಕಡೆ ಅದೇ ರೂಢಿ. ಗೋಧಿಯನ್ನು ಬೇಯಿಸಿ ಒಣಗಿಸಿ ಒಡೆದ ನುಚ್ಚು ಅದು. 100 ಗ್ರಾಂಗೆ ನಾರು 12 ಗ್ರಾಂಗಿಂತ ಜಾಸ್ತಿ, ಬಿಳಿ ಅಕ್ಕಿಯಲ್ಲಿ ಒಂದು ಗ್ರಾಂ ಆಸುಪಾಸು. ನಾನು ಒಮ್ಮೆ ಊರಿಂದ ತಂದ ನವಣೆಯಲ್ಲಿ ಮಾಡಿ ನೋಡಿದೆ. ರುಚಿ ಹಿಡಿಸಿತು. ಆದರೆ ಕಾಳು ಹಿಡಿದುಕೊಳ್ಳಲಿಲ್ಲ, ಎಲೆ ಬಿಚ್ಚಿದರೆ ಮರಳಿನ ಹಾಗೆ ಸುರಿಯಿತು. ಮುಂದಿನ ಸಲ ಅರ್ಧ ಅಕ್ಕಿ, ಅರ್ಧ ನವಣೆ ಹಾಕಿದೆ. ಚೆನ್ನಾಗಿ ಬಂತು.

ಈರುಳ್ಳಿ ಇಷ್ಟೊಂದು ಯಾಕೆ ಅಂತ ನನಗೂ ಅನ್ನಿಸಿತ್ತು. ಅದೇ ಈ ಹೂರಣದ ರಸ. ಮಾಂಸ ಇಲ್ಲದ ಕಡೆ ತೇವ, ಸಿಹಿ ಎರಡೂ ಕೊಡುವುದು ಈರುಳ್ಳಿ. ತೀರಾ ಸಣ್ಣಗೆ ಹೆಚ್ಚಬೇಕು. ಚಿಲ್ಗೋಜಾ ದುಬಾರಿ, ಇಲ್ಲಿಯೂ ದುಬಾರಿ. ಇಲ್ಲದಿದ್ದರೆ ಬಿಡಿ. ಬಾದಾಮಿ ಚೂರು ಹಾಕಬಹುದು. ಶೇಂಗಾ ಬೇಡ, ಅದರ ವಾಸನೆ ಎಲ್ಲದರ ಮೇಲೆ ಕೂರುತ್ತದೆ. ಸಣ್ಣ ಒಣದ್ರಾಕ್ಷಿಗೆ ಇಲ್ಲಿ ಕುಶ್ ಉಜುಮು ಅಂತ ಹೆಸರು, ಹಕ್ಕಿ ದ್ರಾಕ್ಷಿ. ನಿಜಕ್ಕೂ ಹಕ್ಕಿಯ ಕೊಕ್ಕಿಗೆ ಸರಿಯಾಗುವಷ್ಟು ಚಿಕ್ಕದು. ನಮ್ಮ ಮನೂಕ ಹಾಕುವುದಾದರೆ ಒಂದನ್ನು ನಾಲ್ಕು ಚೂರು ಮಾಡಿ. ಆಲ್‌ಸ್ಪೈಸ್ ಗಿಡಕ್ಕೆ ಮಲೆನಾಡಿನ ಕಡೆ ಸರ್ವಸಾಂಬಾರ ಅನ್ನುತ್ತಾರೆ. ಅದರ ಒಣ ಕಾಯಿಯನ್ನೇ ಇಲ್ಲಿ ಪುಡಿ ಮಾಡಿ ಹಾಕುವುದು. ಸಿಗದಿದ್ದರೆ ಒಂದು ಲವಂಗ, ಚೂರು ಜಾಯಿಕಾಯಿ ಸೇರಿಸಿ ಕುಟ್ಟಿಕೊಳ್ಳಿ. ಸಬ್ಬಸಿಗೆ ಬಗ್ಗೆ ಹೇಳುವುದೇ ಬೇಡ, ನಮ್ಮ ಸಂತೆಯ ಸೊಪ್ಪೇ. ಪಾರ್ಸ್ಲಿ ಬದಲು ಕೊತ್ತಂಬರಿ ಹಾಕಬೇಡಿ, ಪೂರ್ತಿ ಬೇರೆ ಅಡುಗೆ ಆಗಿಬಿಡುತ್ತದೆ. ಸಬ್ಬಸಿಗೆಯನ್ನೇ ಜಾಸ್ತಿ ಮಾಡಿ.

ಮಾಡುವ ರೀತಿ. ಎಣ್ಣೆಯಲ್ಲಿ ಮೂರನೇ ಎರಡು ಪಾಲು ಬಾಣಲೆಗೆ ಹಾಕಿ. ಈರುಳ್ಳಿ, ಚಿಲ್ಗೋಜಾ ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಈರುಳ್ಳಿ ಕೆಂಪಾಗಬಾರದು, ಕರಗಬೇಕು. ತೊಳೆದು ನೀರು ಬಸಿದ ಅಕ್ಕಿ ಹಾಕಿ ಐದು ನಿಮಿಷ ಕೈಯಾಡಿಸಿ. ಒಣದ್ರಾಕ್ಷಿ, ಪುಡಿಗಳು, ಸಕ್ಕರೆ, ಉಪ್ಪು, ಅರ್ಧ ಕಪ್ ಬಿಸಿನೀರು. ಮುಚ್ಚಿ. ನೀರು ಇಂಗಿದ ಕೂಡಲೇ ಇಳಿಸಿ. ಅಕ್ಕಿ ಅರ್ಧ ಮಾತ್ರ ಬೆಂದಿರಬೇಕು, ಕಚ್ಚಿದರೆ ನಡುವೆ ಗಟ್ಟಿ ಸಿಗಬೇಕು. ಪುದೀನ, ಸೊಪ್ಪುಗಳನ್ನು ಈಗ ಸೇರಿಸಿ ಆರಲು ಬಿಡಿ. ಬಿಸಿ ಹೂರಣ ಹಿಡಿದು ಸುತ್ತಿದರೆ ಎಲೆ ಹರಿಯುತ್ತದೆ.

ಸುತ್ತುವುದು, ಬೇಯಿಸುವುದು

ಎಲೆಯ ತೊಟ್ಟು ಕತ್ತರಿಸಿ. ಹೊಳೆಯುವ ಮುಖ ಕೆಳಗೆ, ನರ ಎದ್ದ ಮುಖ ಮೇಲೆ. ತೊಟ್ಟಿನ ಕಡೆ ನಿಮ್ಮ ಹತ್ತಿರ ಇರಲಿ. ಅಲ್ಲಿ ಒಂದು ಟೀ ಚಮಚ ಹೂರಣವನ್ನು ಅಡ್ಡಡ್ಡ ಉದ್ದಕ್ಕೆ ಇಡಿ. ಕೆಳಗಿನ ಎರಡು ಹಾಳೆ ಅದರ ಮೇಲೆ ಮಡಚಿ, ಆಮೇಲೆ ಎಡ ಬಲ ಒಳಕ್ಕೆ, ಆಮೇಲೆ ಮುಂದಕ್ಕೆ ಉರುಳಿಸುತ್ತಾ ಹೋಗಿ. ಚೆನ್ನಾಗಿ ಸುತ್ತಿದ್ದಕ್ಕೆ ಇಲ್ಲಿನವರು "ಕಲೆಮ್ ಗಿಬಿ" ಅನ್ನುತ್ತಾರೆ, ಲೇಖನಿಯ ಹಾಗೆ ಅಂತ. ನನ್ನವು ಮೊದಲ ವರ್ಷ ಹೆಬ್ಬೆರಳಿನಷ್ಟು ದಪ್ಪ ಇದ್ದವು, ಈಗ ಕಿರುಬೆರಳಿಗೆ ಬಂದಿವೆ. ತೇಯ್ಜೆಯ ಕೈ ನೋಡಬೇಕು. ಎರಡು ಹೆಬ್ಬೆರಳು ಮಾತ್ರ ಮುಂದಕ್ಕೆ ಹೋಗುತ್ತವೆ, ಉಳಿದ ಬೆರಳು ಹಿಂದಿನಿಂದ ಎಲೆಯನ್ನು ಎಳೆದು ಹಿಡಿದಿರುತ್ತವೆ. ತೀರಾ ಬಿಗಿ ಮಾಡಬೇಡಿ. ಅಕ್ಕಿ ಇನ್ನೂ ಹಿಗ್ಗಬೇಕು, ಜಾಗ ಇಲ್ಲದಿದ್ದರೆ ಎಲೆ ಒಡೆಯುತ್ತದೆ.

ದಪ್ಪ ತಳದ ಪಾತ್ರೆಗೆ ಹರಿದ ಎಲೆ, ಒರಟು ಎಲೆ ಹಾಸಿ. ಸರ್ಮಾಗಳ ಅಂಚು ಕೆಳಗೆ ಬರುವಂತೆ ಒತ್ತೊತ್ತಾಗಿ ಜೋಡಿಸಿ. ಉಳಿದ ಎಣ್ಣೆ, ಅರ್ಧ ನಿಂಬೆಯ ರಸ ಹಾಕಿ. ಇನ್ನರ್ಧ ನಿಂಬೆಯನ್ನು ಬಿಲ್ಲೆ ಮಾಡಿ ಮೇಲೆ ಇಡಿ. ಒಂದು ತಟ್ಟೆಯನ್ನು ಬೋರಲು ಹಾಕಿ ಒತ್ತಿ. ಇದು ಬಿಡಬಾರದ ಹೆಜ್ಜೆ, ತಟ್ಟೆ ಇಲ್ಲದಿದ್ದರೆ ನೀರು ಕುದಿದಾಗ ಎಲ್ಲ ಎದ್ದು ಬಿಚ್ಚಿಕೊಳ್ಳುತ್ತವೆ. ತಟ್ಟೆಯ ಅಂಚಿಗೆ ಬರುವಷ್ಟು ಬಿಸಿನೀರು ಪಕ್ಕದಿಂದ ಸುರಿಯಿರಿ, ಸುಮಾರು ಒಂದೂವರೆ ಕಪ್. ಒಂದು ಕುದಿ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಮುಚ್ಚಿ, 40ರಿಂದ 45 ನಿಮಿಷ. ಕುಕ್ಕರ್ ಬೇಡ. ಒಂದನ್ನು ತೆಗೆದು ಕಚ್ಚಿ ನೋಡಿ. ಎಲೆ ಹಲ್ಲಿಗೆ ಸುಲಭವಾಗಿ ತುಂಡಾಗಬೇಕು, ಎಳೆಯಬಾರದು. ಎಲೆ ಗಟ್ಟಿ ಇದ್ದರೆ ಕಾಲು ಕಪ್ ಬಿಸಿನೀರು ಸೇರಿಸಿ ಇನ್ನು ಹತ್ತು ನಿಮಿಷ.

ಬಿಸಿ ಇರುವಾಗ ಪಾತ್ರೆಯಿಂದ ತೆಗೆಯಬೇಡಿ. ಅದರಲ್ಲೇ ಆರಲಿ. ಉಳಿದ ಎಣ್ಣೆಯನ್ನೂ ಹುಳಿಯನ್ನೂ ಆರುವ ಹೊತ್ತಿನಲ್ಲಿ ಅಕ್ಕಿ ಹೀರಿಕೊಳ್ಳುತ್ತದೆ.

ಒಂದು ತಟ್ಟೆಯ ಲೆಕ್ಕ

ಮೇಲಿನ ಅಳತೆಯನ್ನು ಕೂಡಿಸಿ ನೋಡಿದ್ದೇನೆ. ಅಕ್ಕಿ 720 ಕ್ಯಾಲೊರಿ. ಎಣ್ಣೆ ಸುಮಾರು 970. ಚಿಲ್ಗೋಜಾ 200, ಈರುಳ್ಳಿ 120, ಒಣದ್ರಾಕ್ಷಿ 85, ಐವತ್ತು ಎಲೆ ಸುಮಾರು 140, ಸಕ್ಕರೆ 16. ಒಟ್ಟು 2,250. ಒಂದು ಸರ್ಮಾಕ್ಕೆ 45. ಅದರಲ್ಲಿ 19 ಎಣ್ಣೆಯದೇ, 14 ಅಕ್ಕಿಯದು, ಎಲೆಯದು ಬರೀ 3.

ಆರು ತಿಂದರೆ 270 ಕ್ಯಾಲೊರಿ. ಸಂಜೆ ತಿಂಡಿಗೆ ಸಾಕು. ಆದರೆ ಬೆರಳಷ್ಟು ಉದ್ದದ್ದು, ತಣ್ಣಗೆ, ಹುಳಿ ಹುಳಿ. ಮಾತಾಡುತ್ತಾ ಹದಿನೈದು ಹೋಗುವುದು ಗೊತ್ತೇ ಆಗುವುದಿಲ್ಲ. ಹದಿನೈದು ಅಂದರೆ 675. ಊಟಕ್ಕಿಂತ ಮೇಲಾಯಿತು. ಅದಕ್ಕೇ ನಾನು ಡಬ್ಬಿಯನ್ನು ಮೇಜಿನ ಮೇಲೆ ಇಡುವುದಿಲ್ಲ, ತಟ್ಟೆಗೆ ಎಣಿಸಿ ಹಾಕಿಕೊಡುತ್ತೇನೆ. ಎಣ್ಣೆ ಕಡಿಮೆ ಮಾಡುವವರು 120ರಿಂದ 80 ಮಿಲಿಗೆ ಇಳಿಸಬಹುದು. ಒಂದೊಂದಕ್ಕೆ ಆರು ಕ್ಯಾಲೊರಿ ಉಳಿಯುತ್ತದೆ, ರುಚಿ ಅಷ್ಟೇನೂ ಕೆಡುವುದಿಲ್ಲ. ಅದಕ್ಕಿಂತ ಇಳಿಸಬೇಡಿ, ಎಲೆ ಬಿರುಸಾಗುತ್ತದೆ.

ಇದರಲ್ಲಿ ಕೊರತೆ ಇರುವುದು ಪ್ರೋಟೀನು. ಆರಕ್ಕೆ ನಾಲ್ಕು ಗ್ರಾಂ ಕೂಡ ಬರುವುದಿಲ್ಲ. ಪಕ್ಕದಲ್ಲಿ ಒಂದು ಬಟ್ಟಲು ಗಟ್ಟಿ ಮೊಸರು ಇಟ್ಟುಕೊಳ್ಳಿ. ಇರಾನಿನಲ್ಲಿ ಹೂರಣಕ್ಕೆ ಬೇಯಿಸಿದ ಬೇಳೆ ಸೇರಿಸುತ್ತಾರೆ. ನಾನೂ ಅತ್ತೆ ಬಂದಾಗ 50 ಗ್ರಾಂ ಅಕ್ಕಿ ಕಡಿಮೆ ಮಾಡಿ ಅಷ್ಟೇ ಕಡಲೆಬೇಳೆಯನ್ನು ಮುಕ್ಕಾಲು ಬೇಯಿಸಿ ಹಾಕುತ್ತೇನೆ. ಅವರಿಗೆ ಆ ರುಚಿಯೇ ಹೆಚ್ಚು ಇಷ್ಟ. ಕಡಲೆಬೇಳೆ ಬಾಯಿಗೆ ಸಿಕ್ಕಾಗ ನಮ್ಮ ಅಡುಗೆಯ ಹಾಗೆ ಅನ್ನಿಸುತ್ತದೆ ಅಂತಾರೆ.

ಅಂಗಡಿಯ ಡಬ್ಬಿ ತಗೊಳ್ಳುವುದಾದರೆ

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಮಾಡಿಟ್ಟ ಸರ್ಮಾ ಡಬ್ಬಿ ಸಿಗುತ್ತದೆ. ಹಿಂದಿನ ಚೀಟಿ ಓದಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದರ ಹೆಸರು ಮೊದಲು ಬರುತ್ತದೆ. ಎಣ್ಣೆ ಯಾವುದು ಅಂತ ನೋಡಿ. ಹೊರಗೆ ಆಲಿವ್ ಚಿತ್ರ ಇದ್ದರೂ ಒಳಗೆ ಸೋಯಾ ಎಣ್ಣೆಯೋ ಸೂರ್ಯಕಾಂತಿ ಎಣ್ಣೆಯೋ ಇರಬಹುದು. ಸೋಡಿಯಂ 100 ಗ್ರಾಂಗೆ ಎಷ್ಟು ಅಂತ ನೋಡಿ, ಆಮೇಲೆ ನೀವು ತಿನ್ನುವುದು ಎಷ್ಟು ಗ್ರಾಂ ಅಂತ ಲೆಕ್ಕ ಹಾಕಿ. ಡಬ್ಬಿಯ ಎಣ್ಣೆಯನ್ನು ಬಸಿದು ತಿಂದರೆ ಒಳ್ಳೆಯದು. ಬರೀ ಎಲೆಯ ಜಾಡಿಯಾದರೆ ನೀರು ಬಸಿದ ತೂಕ ಎಷ್ಟು ಅಂತ ನೋಡಿ ಬೆಲೆ ಹೋಲಿಸಿ. ಅರ್ಧ ಜಾಡಿ ಉಪ್ಪುನೀರೇ ಇರುತ್ತದೆ.

ಮನೆಯಲ್ಲಿ ಮಾಡಿದ್ದನ್ನು ಆರಿದ ಕೂಡಲೇ, ಎರಡು ಗಂಟೆಯೊಳಗೆ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಹಾಕಿ. ಒಳಗಿರುವುದು ಬೆಂದ ಅಕ್ಕಿ, ಹೊರಗೆ ರಾತ್ರಿಯೆಲ್ಲ ಇಡಬಾರದು. ಮೂರು ದಿನ ಚೆನ್ನಾಗಿರುತ್ತದೆ. ಎರಡನೆಯ ದಿನದ ರುಚಿಯೇ ಹೆಚ್ಚು. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಫ್ರಿಜ್ಜಿನಲ್ಲಿ ಆಲಿವ್ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತದೆ, ಅದು ಕರಗಿ ಎಲೆ ಮತ್ತೆ ಹೊಳೆಯಲು ಅಷ್ಟು ಹೊತ್ತು ಬೇಕು. ಬಿಸಿ ಮಾಡಬೇಡಿ. ಮೇಲೆ ಒಂದೆರಡು ಹನಿ ನಿಂಬೆ ಹಿಂಡಿ.